ಅರ್ಧ ಬಟ್ಟಲು

ನಿಯಮ ಒಂದೇ: ಅವಳು 'ನಾನು' ಎಂದರೆ
ನಾನೂ 'ನಾನು' ಎನ್ನಬೇಕು.
'ಅವಳು ಹೀಗೆನ್ನುತ್ತಾಳೆ' ಎನ್ನುವಂತಿಲ್ಲ.
ದುಭಾಷಿಗೆ ಗಂಟೆಗೆ ಹದಿನೆಂಟು ಯೂರೋ,
ಅಷ್ಟು ಹೊತ್ತು ಸ್ವಂತ ಬಾಯಿಗೆ ರಜೆ.

ವಿಲ್ನಿಯಸ್, ಫೆಬ್ರವರಿ, ಮೂರನೇ ಮಹಡಿ.
ಕಿಟಕಿಯಾಚೆ ನೆರಿಸ್ ನದಿ ದಡದಲ್ಲಿ ಹೆಪ್ಪುಗಟ್ಟಿ
ನಡುವೆ ಮಾತ್ರ, ಮನಸ್ಸಿಲ್ಲದ ಹಾಗೆ, ಹರಿಯುತ್ತಿದೆ.
ಅಧಿಕಾರಿ ರಿಮಾಂತೆ ಮುಖ ಎತ್ತದೆ ಕೇಳುತ್ತಾಳೆ: ಹೆಸರು?
ನಾನು ತುರ್ಸುನಾಯ್, ಎನ್ನುತ್ತೇನೆ, ಮೀಸೆಯ ಗಂಡಸು.
ನಲವತ್ತಮೂರು. ಗಂಡ ಸತ್ತಿದ್ದಾನೆ.
ಗಣಿಯೂರಿನ ನೀರು ಪರೀಕ್ಷೆಯ ಕಚೇರಿಯಲ್ಲಿ
ಹತ್ತೊಂಬತ್ತು ವರ್ಷ ಗುಮಾಸ್ತೆ.
ಯಾರೂ ನಗುವುದಿಲ್ಲ.

ಎರಡು ದಫ್ತರ ಇದ್ದವು, ಎನ್ನುತ್ತೇನೆ.
ಒಂದು ನಲ್ಲಿಯಲ್ಲಿ ಬರುವ ನೀರಿನದು.
ಇನ್ನೊಂದು ರಾಜಧಾನಿಗೆ ಹೋಗುವ ನೀರಿನದು,
ಆ ನೀರು ಯಾವ ನಲ್ಲಿಯಲ್ಲೂ ಬರುತ್ತಿರಲಿಲ್ಲ.
ಎರಡನ್ನೂ ಬರೆದವಳು ನಾನೇ.
ಪೆನ್ನು ಒಂದೇ.

ಯಾವಾಗಿನಿಂದ ಗೊತ್ತಿತ್ತು?
ಮೊದಲ ವರ್ಷದಿಂದ.
ಮತ್ತೆ ಇಷ್ಟು ವರ್ಷ?

ಅವಳು ಒಂದು ಮಾತು ಅಂದಳು.
ಕಿರ್ಗಿಜ್ ಭಾಷೆಯಲ್ಲಿ ಅದರೊಳಗೆ ಉಪ್ಪಿದೆ,
ಉಂಡ ಮನೆಯ ಉಪ್ಪು, ಉಗುಳಲೂ ಆಗದ್ದು, ಕರಗಲೂ ಒಲ್ಲದ್ದು.
ನನ್ನ ಬಾಯಿ ದಾಟುವಷ್ಟರಲ್ಲಿ
'ಸಂಬಳ ಬರುತ್ತಿತ್ತು' ಎಂದಾಯಿತು.
ರಿಮಾಂತೆ ಬರೆದುಕೊಂಡಳು.
ತಡೆಯಿರಿ, ಅದಲ್ಲ, ಎನ್ನಬೇಕೆನಿಸಿತು.
ಮತ್ತೇನು ಎಂದು ಕೇಳಿದರೆ ಏನು ಹೇಳಲಿ, ಸುಮ್ಮನಾದೆ.

ಪುರಾವೆ ಮೇಜಿನ ಮೇಲಿದೆ:
ಹಸಿರು ರಟ್ಟಿನ ಲೆಕ್ಕದ ನೋಟುಪುಸ್ತಕ,
ಬೆಕ್ತೂರ್, ಐದನೇ ತರಗತಿ.
ಕಚೇರಿಯ ಗೇಟಿನಲ್ಲಿ ಫೋನು ತಡಕುತ್ತಿದ್ದರು,
ಅಂಕಿಗಳನ್ನು ತಲೆಯಲ್ಲಿ ಹೊತ್ತು ಮನೆಗೆ ನಡೆಯುತ್ತಿದ್ದೆ.
ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ
ಒಂದೆರಡು ಚೆಲ್ಲಿಹೋಗುತ್ತಿದ್ದವು.
ಮಗ ಮಲಗಿದ ಮೇಲೆ ಅವನ ಗುಣಾಕಾರಗಳ ನಡುವೆ ಬರೆದೆ:
ಯಾವ ಬಾವಿ, ಯಾವ ತಾರೀಖು, ಪಾಷಾಣ ಎಷ್ಟು.

ರಿಮಾಂತೆ ಪುಟ ತಿರುವಿ ಬೆರಳಿಟ್ಟಳು.
ಈ ಕೆಂಪು ಶಾಯಿ ಯಾರದು?
ಟೀಚರ್‌ದು. ಮಗನ ಲೆಕ್ಕವೆಂದುಕೊಂಡು ತಿದ್ದಿದರು.
ಹದಿನಾಲ್ಕು ಕಡೆ 'ತಪ್ಪು' ಎಂದಿದೆ.
ಒಂದು ಕಡೆ, 'ಇಷ್ಟು ಬರಲು ಸಾಧ್ಯವೇ ಇಲ್ಲ. ಮತ್ತೆ ಮಾಡು.'
ಮಗ ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ.
ಅದನ್ನೇ ಮತ್ತೆ ಬರೆದ, ದುಂಡಗೆ.

ಮಗ ಈಗ ಎಲ್ಲಿ?

ಮೌನಕ್ಕೂ ನಿಯಮವಿದೆ.
ಅವಳು ಎಷ್ಟು ಹೊತ್ತು ಸುಮ್ಮನಿರುತ್ತಾಳೋ
ಅಷ್ಟೇ ಹೊತ್ತು ನಾನೂ.
ಹೀಟರು ಎರಡು ಸಲ ಟಕ್ಕೆಂದಿತು.
ಅಕ್ಕನ ಮನೆಯಲ್ಲಿ, ಎನ್ನುತ್ತೇನೆ ಕಡೆಗೆ.
ಅದೇ ಬೀದಿ.
ಅದೇ ನಲ್ಲಿ.

ಹನ್ನೊಂದಕ್ಕೆ ವಿರಾಮ. ರಿಮಾಂತೆ ಕೆಟ್ಟವಳಲ್ಲ,
ತಾನೇ ಎದ್ದು ಚಹಾ ಸುರಿದಳು,
ಬಗ್ಗಿ ತುಟಿ ತಾಗಿಸದೆ ಎತ್ತಲಾಗದಷ್ಟು ತುಂಬ.
ಇಲ್ಲಿ ಅದು ಅಕ್ಕರೆ.
ನಮ್ಮಲ್ಲಿ ಬಟ್ಟಲಿಗೆ ಅರ್ಧ ಮಾತ್ರ ಹಾಕುತ್ತೇವೆ,
ಮತ್ತೆ ಮತ್ತೆ ಹಾಕಲು ನೆವ ಬೇಕಲ್ಲ,
ಬಂದವರು ಕೂತಿರಲಿ ಅಂತ.
ತುಳುಕುವಂತೆ ಕೊಟ್ಟರೆ ಅರ್ಥ ಬೇರೆ:
ಕುಡಿ, ಏಳು, ನಿನ್ನ ದಾರಿ ನೋಡಿಕೋ.

ತುರ್ಸುನಾಯ್ ಬಟ್ಟಲು ನೋಡಿದಳು. ಆಮೇಲೆ ನನ್ನನ್ನು.
ನೋಟವನ್ನು ಅನುವಾದಿಸೆಂದು ಯಾವ ಕರಾರಿನಲ್ಲೂ ಇಲ್ಲ.
ವಿರಾಮದಲ್ಲಿ ಅವಳೊಡನೆ ಮಾತಾಡುವಂತೆಯೂ ಇಲ್ಲ.
ಕೈ ಚಾಚಿ, ಅವಳ ಬಟ್ಟಲಿನಿಂದ ಅರ್ಧ
ನನ್ನ ಖಾಲಿ ಲೋಟಕ್ಕೆ ಬಗ್ಗಿಸಿಕೊಂಡೆ.

ಕೇಳಿದ್ದರೆ ನಿಮಗೂ ಕೊಡುತ್ತಿದ್ದೆನಲ್ಲ,
ಎಂದಳು ರಿಮಾಂತೆ, ಹುಬ್ಬು ಗಂಟಿಕ್ಕಿ,
ಅಷ್ಟೊಂದು ಬಾಯಾರಿಕೆಯೇ?
ಹೌದು, ಎಂದೆ.
ಬೆಳಗಿನಿಂದ ನಾನು ನಾನಾಗಿ ಆಡಿದ್ದು ಅದೊಂದೇ ಮಾತು.
ಅದೂ ಸುಳ್ಳು.

ತುರ್ಸುನಾಯ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು.
ಪಡುವಣ ಬಾವಿ, ಎಂದು ಶುರು ಮಾಡಿದಳು.
ಪಡುವಣ ಬಾವಿ, ಎಂದೆ.